ಖರ್ಚಾಗದ ಕ್ರಿಯಾವರ್ಧಕಕ್ಕೂ ಮುಪ್ಪೇಕೆ?

ಪ್ರಶ್ನೆ: ಮಾನ್ಯರೇ, ಗೋಬರ್ ಗ್ಯಾಸ್‌ನಲ್ಲಿರುವ ಹೈಡ್ರೊಜನ್ ಸಲ್ಫೈಡನ್ನು ಅಳೆಯುವ ವಿದ್ಯುತ್‌ರಾಸಾಯನಿಕ ಸಂವೇದಕ ಮತ್ತು ಅದರ ಕ್ರಿಯಾವರ್ಧಕವನ್ನು (ರಾಸಾಯನಿಕ ಕ್ರಿಯೆಯ ವೇಗವನ್ನು ಹೆಚ್ಚಿಸುವ ವಸ್ತುವನ್ನು) ಕುರಿತು ಈ ವರ್ಷ ಪಿಎಚ್.ಡಿ. ಆರಂಭಿಸಿದ್ದೇನೆ. ಕ್ರಿಯಾವರ್ಧಕವು ತಾನು ಖರ್ಚಾಗುವುದಿಲ್ಲ ಎಂದು ಓದಿದ್ದೇವೆ. ಹಾಗಿದ್ದರೂ ಸಂವೇದಕವನ್ನು ಕೆಲವು ವರ್ಷಗಳಿಗೊಮ್ಮೆ ಬದಲಿಸಬೇಕಾಗುವುದೇಕೆ?
– ಸಂಶೋಧನಾ ವಿದ್ಯಾರ್ಥಿನಿ, ತೀರ್ಥಹಳ್ಳಿ

ಉತ್ತರ: ಕ್ರಿಯಾವರ್ಧಕ ಖರ್ಚಾಗುವುದಿಲ್ಲ, ನಿಜ, ಆದರೆ ಅದು ಕೆಡುತ್ತದೆ. ಹೈಡ್ರೊಜನ್ ಸಲ್ಫೈಡಿನ ಒಂದು ಅಣು, ಕ್ರಿಯಾವರ್ಧಕ ಲೋಹವಿರುವ ವಿದ್ಯುದಗ್ರದ (ಎಲೆಕ್ಟ್ರೋಡಿನ) ಮೇಲೆ ಪೂರ್ತಿಯಾಗಿ ಉತ್ಕರ್ಷಣಗೊಂಡು (ಎಲೆಕ್ಟ್ರಾನುಗಳನ್ನು ಕಳೆದುಕೊಂಡು) ಸಲ್ಫ್ಯೂರಿಕ್ ಆಮ್ಲವಾದಾಗ 8 ಎಲೆಕ್ಟ್ರಾನುಗಳು ಬಿಡುಗಡೆಯಾಗುತ್ತವೆ, ಆ ವಿದ್ಯುತ್ತನ್ನೇ ನಾವು ಅಳೆಯುತ್ತೇವೆ. ಕ್ರಿಯೆ ಅರ್ಧಕ್ಕೆ ನಿಂತರೆ ಗಂಧಕವು ಲೋಹದ ಮೇಲೆಯೇ ಉಳಿದು ಕ್ರಿಯೆ ನಡೆಯುವ ತಾಣಗಳನ್ನು ಮುಚ್ಚುತ್ತದೆ. ಪ್ಲಾಟಿನಂಗೆ ಗಂಧಕ ಬಿಗಿಯಾಗಿ ಅಂಟುವುದರಿಂದ ಈ ಅನಿಲಕ್ಕೆ ಚಿನ್ನದ ವಿದ್ಯುದಗ್ರಗಳನ್ನೂ ಬಳಸುವುದುಂಟು. ಕ್ರಿಯಾವರ್ಧಕ ಲೋಹದ ನ್ಯಾನೊ (ಅತಿ ಸೂಕ್ಷ್ಮ) ಕಣಗಳು ಕಾಲಕ್ರಮದಲ್ಲಿ ಒಂದಕ್ಕೊಂದು ಕೂಡಿ ದೊಡ್ಡದಾಗಿ, ಒಟ್ಟು ಮೇಲ್ಮೈ ಕುಗ್ಗುವುದು ಇನ್ನೊಂದು ಕಾರಣ.

ನೀವು ವಿಶೇಷವಾಗಿ ಗಮನಿಸಬೇಕಾದದ್ದು, ಈ ಕೆಡುಕು ಬೇಗನೆ ಕಣ್ಣಿಗೆ ಬೀಳುವುದಿಲ್ಲ ಎಂಬುದನ್ನು. ಅನಿಲವು ಕಿರಿದಾದ ರಂಧ್ರದ ಮೂಲಕ ನಿಧಾನವಾಗಿ ಒಳಬರುವಂತೆ ಮಾಡಿ, ಬಂದದ್ದನ್ನೆಲ್ಲ ಉತ್ಕರ್ಷಿಸಲು ಬೇಕಾದುದಕ್ಕಿಂತ ಹೆಚ್ಚು ಕ್ರಿಯಾವರ್ಧಕವನ್ನು ಇಟ್ಟಿರುತ್ತಾರೆ. ಕೆರೆಯ ತೂಬು ಚಿಕ್ಕದಾಗಿದ್ದರೆ ಕಾಲುವೆಯಲ್ಲಿ ಅರ್ಧ ಹೂಳು ತುಂಬಿದರೂ ಗದ್ದೆಗೆ ಬರುವ ನೀರು ಕಡಿಮೆಯಾಗುವುದಿಲ್ಲವಲ್ಲ, ಹಾಗೆ. ಹೂಳು ಮಿತಿ ಮೀರಿದ ಮೇಲೆ ಮಾತ್ರ ಮಾಪನ ಕುಸಿಯುತ್ತದೆ. ಆದ್ದರಿಂದ ‘ಆರು ತಿಂಗಳು ಮಾಪನ ಬದಲಾಗಲಿಲ್ಲ’ ಎಂಬ ಮಾತ್ರಕ್ಕೆ ನಿಮ್ಮ ಕ್ರಿಯಾವರ್ಧಕ ಗಟ್ಟಿಯೆಂದು ಬರೆಯಬೇಡಿ. ರಂಧ್ರದ ತಡೆಯಿಲ್ಲದೆಯೂ ಆಗಾಗ ಪರೀಕ್ಷಿಸಿ. ಇದು ಪ್ರಬಂಧದ ಅಚ್ಚುಕಟ್ಟಿಗಾಗಿ ಹೇಳುವ ಮಾತಲ್ಲ. ಸುಮಾರು 100 ಪಿಪಿಎಂ (ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ 100 ಭಾಗ) ದಾಟಿದರೆ ಈ ವಿಷಾನಿಲದ ವಾಸನೆ ಮೂಗಿಗೆ ತಿಳಿಯದಂತಾಗುತ್ತದೆ. ಗುಂಡಿಗೆ ಇಳಿಯುವವರಿಗೆ ಆಗ ಸಂವೇದಕವೊಂದೇ ಆಸರೆ.

ಮಲೆನಾಡಿನಲ್ಲಿ ಇನ್ನೊಂದು ತೊಡಕಿದೆ. ಸಂವೇದಕದೊಳಗಿನ ಸಲ್ಫ್ಯೂರಿಕ್ ಆಮ್ಲದ ದ್ರಾವಣವು ಮಳೆಗಾಲದ ತೇವವನ್ನು ಹೀರಿ ಉಬ್ಬುತ್ತದೆ, ಕೆಲವೊಮ್ಮೆ ಸೋರುತ್ತದೆ. ಬೇಸಿಗೆಯಲ್ಲಿ ನೀರು ಕಳೆದುಕೊಂಡು ಸಾಂದ್ರವಾಗುತ್ತದೆ. ಸಿಲಿಂಡರಿನ ಒಣ ಅನಿಲದಲ್ಲಷ್ಟೇ ಪರೀಕ್ಷಿಸಿದವರಿಗೆ ಇದು ತಿಳಿಯುವುದೇ ಇಲ್ಲ. ಅನಿಲದೊಂದಿಗೆ ತೇವದ ಗಾಳಿಯನ್ನು ಬೆರೆಸುವ ವ್ಯವಸ್ಥೆಯನ್ನು ಮೊದಲ ವರ್ಷವೇ ಮಾಡಿಕೊಳ್ಳಿ, ಅದೇ ಸಂವೇದಕವನ್ನು ಜುಲೈಯಲ್ಲೊಮ್ಮೆ, ಮಾರ್ಚ್‌ನಲ್ಲೊಮ್ಮೆ ಕೊಟ್ಟಿಗೆಯ ಪಕ್ಕದ ಗೋಬರ್ ಗ್ಯಾಸ್ ಗುಂಡಿಯ ಬಳಿ ಇಟ್ಟು ಎರಡೂ ಮಾಪನಗಳನ್ನು ಹೋಲಿಸಿ.