ಟ್ರೇಡ್ ಅಂದ್ರೆ ಮೊದಲು ವ್ಯಾಪಾರ ಆಗಿರಲಿಲ್ಲ

ಪ್ರಶ್ನೆ: ಷೇರು ಕೊಂಡು ಮಾರುವುದಕ್ಕೆ ಟ್ರೇಡಿಂಗ್ ಅಂತಾರೆ. ಕಾರ್ಮಿಕರ ಸಂಘಕ್ಕೂ ಟ್ರೇಡ್ ಯೂನಿಯನ್ ಅಂತಾರೆ, ಅಲ್ಲಿ ಯಾರೂ ಏನೂ ಮಾರುವುದಿಲ್ಲ! ಭೂಗೋಳದಲ್ಲಿ ಟ್ರೇಡ್ ವಿಂಡ್ಸ್ ಬೇರೆ. ಎಲ್ಲ ಒಂದೇ ಪದವೇ? ಎಲ್ಲಿಂದ ಬಂತು?

ಉತ್ತರ: ಒಂದೇ ಪದ. ಆದರೆ ಅದರ ಮೊದಲ ಅರ್ಥ ವ್ಯಾಪಾರವಲ್ಲ, ಜಾಡು.

14ನೇ ಶತಮಾನದ ಕೊನೆಯ ಹೊತ್ತಿಗೆ ಈ ಪದ ಇಂಗ್ಲಿಷಿಗೆ ಬಂತು. ತಂದವರು ಬಹುಶಃ ಉತ್ತರ ಜರ್ಮನಿಯ ಹಾನ್ಸಾ ವರ್ತಕರು. ಲ್ಯೂಬೆಕ್, ಹ್ಯಾಂಬರ್ಗ್‌ನಂಥ ಊರುಗಳ ಈ ವರ್ತಕರ ಕೂಟಕ್ಕೆ ಲಂಡನ್ನಿನಲ್ಲೂ ಠಾಣೆ ಇತ್ತು. ಅವರ ಮಾತಿನಲ್ಲಿ ಟ್ರೇಡ್ ಅಂದರೆ ಸಾಗುವ ದಾರಿ, ಹಡಗು ಹಿಡಿಯುವ ಜಾಡು. ‘ತುಳಿ’ ಅನ್ನುವ ಅರ್ಥದ ಟ್ರೆಡ್ ಇದರ ಹತ್ತಿರದ ನೆಂಟ. ಟೈರ್ ಸವೆದಾಗ ‘ಟ್ರೆಡ್ ಹೋಗಿದೆ’ ಅಂತೀವಲ್ಲ, ಅದೇ.

ದಿನಾ ತುಳಿಯುವ ದಾರಿ ರೂಢಿಯಾಯಿತು, ರೂಢಿ ಕಸುಬಾಯಿತು. 16ನೇ ಶತಮಾನದ ನಡುವೆ ಕಸುಬಿನ ಅರ್ಥ ಗಟ್ಟಿಯಾಗಿ, ಹೆಚ್ಚುಕಡಿಮೆ ಆಗಲೇ ಕೊಳ್ಳುವ ಮಾರುವ ಅರ್ಥವೂ ಸೇರಿಕೊಂಡಿತು. ಷೇರುಪೇಟೆಯವರು ಹಿಡಿದುಕೊಂಡಿದ್ದು ಈ ಕೊನೆಯದನ್ನು. ಟ್ರೇಡ್ ಯೂನಿಯನ್‌ನಲ್ಲಿ ಉಳಿದಿರುವುದು ಕಸುಬು: ಬಡಗಿಗಳು, ಅಚ್ಚು ಹಾಕುವವರು, ಹೀಗೆ ಒಂದೊಂದು ಕಸುಬಿನವರು ಕಟ್ಟಿಕೊಂಡ ಸಂಘ. ಎಲ್ಲದಕ್ಕೂ ಕೈ ಹಾಕುವವನನ್ನು ‘ಜ್ಯಾಕ್ ಆಫ್ ಆಲ್ ಟ್ರೇಡ್ಸ್’ ಅನ್ನುವಾಗಲೂ ಅಷ್ಟೇ. ಅವನಿಗೆ ಅಂಗಡಿ ಇರಬೇಕಾಗಿಲ್ಲ.

ಜಾಸ್ತಿ ಜನ ಎಡವುವುದು ಟ್ರೇಡ್ ವಿಂಡ್ಸ್ ಹತ್ತಿರ. ವ್ಯಾಪಾರದ ಹಡಗುಗಳನ್ನು ನೂಕಿದ ಗಾಳಿ, ಅದಕ್ಕೇ ಆ ಹೆಸರು ಅಂತ ಪಾಠ ಹೇಳುವವರೂ ಇದ್ದಾರೆ. ಹಾಯಿ ಹಡಗುಗಳಿಗೆ ಆ ಗಾಳಿ ನೆರವಾದದ್ದೇನೋ ನಿಜ. ಹೆಸರು ಮಾತ್ರ ಅದರಿಂದ ಬಂದದ್ದಲ್ಲ. ಗಾಳಿ ದಿಕ್ಕು ಬದಲಿಸದೆ ಒಂದೇ ಸಮನೆ ಬೀಸಿದರೆ ಹಳೆಯ ಇಂಗ್ಲಿಷ್ ನಾವಿಕರು ಅದು ‘ಟ್ರೇಡ್ ಬೀಸುತ್ತಿದೆ’ ಅನ್ನುತ್ತಿದ್ದರು. ಅಂದರೆ ಜಾಡು ಬಿಟ್ಟಿಲ್ಲ ಅಂತ. ಸಮಭಾಜಕ ವೃತ್ತದ ಉತ್ತರಕ್ಕೆ ಈಶಾನ್ಯದಿಂದ, ದಕ್ಷಿಣಕ್ಕೆ ಆಗ್ನೇಯದಿಂದ ಬೀಸುವ ಈ ಗಾಳಿಗೆ ಆ ಮಾತು ಸರಿಯಾಗೇ ಹೊಂದುತ್ತದೆ ಅಲ್ವಾ? ಇದೇ ಗಾಳಿಗೆ ಫ್ರೆಂಚರು ಅಲಿಝೆ ಅಂತಾರೆ, ಜರ್ಮನ್ನರು ಪಸಾಟ್ ಅಂತಾರೆ. ಎರಡರಲ್ಲೂ ವ್ಯಾಪಾರದ ಸುಳಿವೇ ಇಲ್ಲ.

ಹಾಗೆ ನೋಡಿದರೆ ನಮ್ಮ ‘ವಾಣಿಜ್ಯ ಮಾರುತ’ ಸರಿಯಾದ ಹೆಸರಲ್ಲ. ಆದರೂ ಪರೀಕ್ಷೆಯಲ್ಲಿ ಅದನ್ನೇ ಬರೆಯಿರಿ, ಸುಮ್ನೆ ಅಂಕ ಯಾಕೆ ಕಳೆದುಕೊಳ್ಳಬೇಕು!