ಎಂಬೀಡ್ ಮೇಲೆ ಎಷ್ಟು ಭಾರ ಹಾಕಬೇಕು? ನಿಮ್ಮ ಲೇಖನಕ್ಕೆ ಉತ್ತರ

ನಮಸ್ಕಾರ.

ನ್ಯೂಜೆರ್ಸಿಯಿಂದ ನೀವು ಕಳಿಸಿದ ‘ಸಾಕು, ಎಂಬೀಡ್‌ರನ್ನು ಬಿಟ್ಟುಬಿಡಿ’ ಲೇಖನ ಓದಿದೆ. ಈಗಿರುವ ಹಾಗೆ ಇದನ್ನು ಹಾಕಲು ಆಗುವುದಿಲ್ಲ. ಹಾಗಂತ ‘ವಿಷಾದಿಸುತ್ತೇವೆ’ ಎಂದು ಒಂದು ಸಾಲು ಬರೆದು ಕೈತೊಳೆದುಕೊಳ್ಳಲು ಮನಸ್ಸು ಬರಲಿಲ್ಲ. ಕನ್ನಡದಲ್ಲಿ ಬ್ಯಾಸ್ಕೆಟ್‌ಬಾಲ್ ಬಗ್ಗೆ ಇಷ್ಟು ಅಕ್ಕರೆಯಿಂದ ಬರೆಯುವವರು ನಮಗೆ ಸಿಗುವುದೇ ಅಪರೂಪ. ಅದಕ್ಕೇ ಸ್ವಲ್ಪ ಉದ್ದವಾಗಿ, ಮುಚ್ಚುಮರೆ ಇಲ್ಲದೆ ಬರೆಯುತ್ತಿದ್ದೇನೆ.

ನಿಮ್ಮ ವಾದ ಇಷ್ಟು. ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಫಿಲಡೆಲ್ಫಿಯಾ 76ಅರ್ಸ್ ತಂಡ 2014ರಿಂದ ಜೊಯೆಲ್ ಎಂಬೀಡ್ ಎಂಬ, ರಿಂಗ್ ಹತ್ತಿರ ಆಡುವ ಎತ್ತರದ ಒಬ್ಬ ಸೆಂಟರ್‌ನನ್ನು ನಂಬಿ ಕೂತಿದೆ. ಆತ ಪದೇ ಪದೇ ಗಾಯ ಮಾಡಿಕೊಳ್ಳುತ್ತಾರೆ. 2024-25ರಲ್ಲಿ ಬರೀ 19 ಪಂದ್ಯ ಆಡಿದರು, ತಂಡ 58 ಪಂದ್ಯ ಸೋತಿತು. ಆದ್ದರಿಂದ ಅವರನ್ನು ಬೇರೆ ತಂಡಕ್ಕೆ ಕೊಟ್ಟು ಹೊಸದಾಗಿ ಶುರುಮಾಡಬೇಕು. ಅಷ್ಟೇ ಅಲ್ವಾ?

ಮೊದಲು ಒಂದು ಸಣ್ಣ ವಿಷಯ ಮುಗಿಸಿಬಿಡೋಣ. ನಿಮ್ಮ ಮೊದಲ ಮೂರು ಪ್ಯಾರಾ ತೆಗೆದುಬಿಡಿ. 1891ರಲ್ಲಿ ನೈಸ್ಮಿತ್ ಎಂಬ ಮೇಷ್ಟ್ರು ಈ ಆಟ ಕಂಡುಹಿಡಿದ ಕತೆ ಇಲ್ಲಿ ಯಾರಿಗೂ ಬೇಡ. ಲೇಖನ ನಿಜವಾಗಿ ಶುರುವಾಗುವುದು ನಿಮ್ಮ ಐದನೇ ಪ್ಯಾರಾದಲ್ಲಿ. ಫಿಲಡೆಲ್ಫಿಯಾದ ಅಂಗಳದಲ್ಲಿ ಮೇಲಿನ ಸಾಲಿನಲ್ಲಿ ಕೂತು ನೀವು ನೋಡಿದ್ದನ್ನು ಅಲ್ಲಿ ಬರೆದಿದ್ದೀರಿ. ಎಂಬೀಡ್ ರಿಂಗ್ ಕೆಳಗೆ ನೆಲಕ್ಕೆ ಬೀಳುತ್ತಾರೆ. ಚೆಂಡು ಆ ಕಡೆ ಹೋಗಿರುತ್ತದೆ, ಆಟ ಮುಂದುವರಿದಿರುತ್ತದೆ. ಆದರೆ ನಿಮ್ಮ ಸಾಲಿನಲ್ಲಿ ಒಬ್ಬರೂ ಚೆಂಡಿನ ಕಡೆ ನೋಡುತ್ತಿರುವುದಿಲ್ಲ. ಪಕ್ಕದ ಸೀಟಿನ ಹಿರಿಯರು ಎದ್ದು ನಿಂತು, ಆ ಮನುಷ್ಯ ಯಾವ ಕಾಲನ್ನು ಮೊದಲು ಊರುತ್ತಾರೆ ಎಂದು ನೋಡುತ್ತಾರೆ. ಈ ಪ್ಯಾರಾ ಓದಿದ ಮೇಲೆಯೇ ನಿಮಗೆ ಇಷ್ಟು ಬರೆಯಬೇಕು ಎಂದು ನನಗೆ ಅನ್ನಿಸಿದ್ದು. ಇಡೀ ಊರಿನ ಹತ್ತು ವರ್ಷದ ಆತಂಕ ಅಲ್ಲಿದೆ. ಅದನ್ನು ಮೊದಲಿಗೆ ತನ್ನಿ. ಜೊತೆಗೆ ಇದನ್ನೂ ಸೇರಿಸಿ: ಎಂಬೀಡ್ ಎಷ್ಟೋ ಸಲ ಬೇಕೆಂದೇ ಬೀಳುತ್ತಾರೆ. ಗಾಳಿಯಿಂದ ಇಳಿಯುವಾಗ ಏಳು ಅಡಿಯ ಆ ದೇಹದ ಭಾರವನ್ನೆಲ್ಲ ಒಂದು ಕಾಲಿನ ಮೇಲೆ ತಡೆದು ನಿಲ್ಲುವುದಕ್ಕಿಂತ ಉರುಳಿಬಿಡುವುದು ವಾಸಿ ಎಂದು ಅವರೇ ಹೇಳಿಕೊಂಡಿದ್ದಾರೆ. ಇದು ಗೊತ್ತಾದರೆ ನಿಮ್ಮ ಪಕ್ಕದವರ ಆತಂಕ ಓದುಗರಿಗೂ ತಟ್ಟುತ್ತದೆ.

ಈಗ ತಪ್ಪುಗಳಿಗೆ ಬರೋಣ. ‘ಮೊಣಕಾಲಿನಿಂದಾಗಿ ಮೊದಲ ಎರಡು ಸೀಸನ್ ಹಾಳಾಯಿತು’ ಎಂದು ಬರೆದಿದ್ದೀರಿ. ಅಲ್ಲ, ಅದು ಪಾದ. ಡ್ರಾಫ್ಟಿಗೆ (ತಂಡಗಳು ಹೊಸ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವುದು, ಸೋತ ತಂಡಗಳಿಗೆ ಆದ್ಯತೆ) ಸ್ವಲ್ಪ ಮುಂಚೆ ಪಾದದ ನಡುವಿನ ನ್ಯಾವಿಕ್ಯುಲರ್ ಎಂಬ ಸಣ್ಣ ಮೂಳೆ ಮುರಿದಿತ್ತು. ಆ ಮೂಳೆಯ ನಡುಭಾಗಕ್ಕೆ ರಕ್ತ ಸರಿಯಾಗಿ ಹರಿಯುವುದಿಲ್ಲ, ಅದಕ್ಕೇ ಕೂಡಲು ಬಹಳ ದಿನ ಹಿಡಿಯುತ್ತದೆ. ಎರಡು ಸಲ ಆಪರೇಷನ್ ಆಯಿತು. 2014-15 ಮತ್ತು 2015-16ರಲ್ಲಿ ಒಂದೂ ಪಂದ್ಯ ಆಡಲಿಲ್ಲ. ಎಡ ಮೊಣಕಾಲಿನ ಕತೆ ಶುರುವಾಗಿದ್ದು ಆಮೇಲೆ. ಇದನ್ನು ಸುಮ್ನೆ ತಪ್ಪು ಹುಡುಕಬೇಕೆಂದು ಹೇಳುತ್ತಿಲ್ಲ. ನೀವು ಉದಾಹರಣೆ ಕೊಟ್ಟ ಬಿಲ್ ವಾಲ್ಟನ್, ಯಾವೊ ಮಿಂಗ್ ಇಬ್ಬರನ್ನೂ ಕಾಡಿದ್ದು ಇದೇ ಪಾದದ ಗಾಯ. ಸರಿಯಾಗಿ ಬರೆದಿದ್ದರೆ ನಿಮ್ಮ ಲೇಖನಕ್ಕೆ ತಾನಾಗಿಯೇ ಒಂದು ಎಳೆ ಸಿಗುತ್ತಿತ್ತು.

ಇನ್ನು ‘ಗಾಜಿನ ಕಾಲಿನ ದೊರೆ’, ‘ಪಂದ್ಯ ತಪ್ಪಿಸಿಕೊಳ್ಳುವ ಚಾಳಿ’ ಎಂಬ ಮಾತುಗಳು. ಇವು ನನಗೆ ಬೇಸರ ತಂದವು. ಕಣ್ಣಿನ ಸುತ್ತಲಿನ ಮೂಳೆ ಮುರಿದಾಗ ಮುಖಕ್ಕೆ ಮಾಸ್ಕ್ ಹಾಕಿಕೊಂಡು 2018ರ ಪ್ಲೇಆಫ್ (ಸೀಸನ್ ಕೊನೆಯ ನಾಕೌಟ್ ಸರಣಿಗಳು) ಆಡಿದ ಮನುಷ್ಯ ಇವರು. 2022ರಲ್ಲೂ ಹಾಗೇ ಆಯಿತು, ಮತ್ತೆ ಮಾಸ್ಕ್ ಹಾಕಿ ಬಂದರು. 2021ರ ಪ್ಲೇಆಫ್‌ನಲ್ಲಿ ಮೊಣಕಾಲಿನ ಮೃದು ಎಲುಬು ಹರಿದಿದ್ದರೂ ಆಡಿದರು. 2024ರಲ್ಲಿ ನ್ಯೂಯಾರ್ಕ್ ನಿಕ್ಸ್ ವಿರುದ್ಧ ಮೂರನೇ ಪಂದ್ಯದಲ್ಲಿ 50 ಪಾಯಿಂಟ್ಸ್ ಹೊಡೆದಾಗ ಅವರ ಮುಖದ ಒಂದು ಬದಿ ಬೆಲ್ಸ್ ಪಾಲ್ಸಿ ಎಂಬ ಮುಖದ ನರದ ಕಾಯಿಲೆಯಿಂದ ಸರಿಯಾಗಿ ಆಡುತ್ತಿರಲಿಲ್ಲ. ಅವರ ದೇಹ ತಡೆಯುವುದಿಲ್ಲ ಎಂದು ಧಾರಾಳವಾಗಿ ಬರೆಯಿರಿ. ಮನಸ್ಸಿಲ್ಲ ಎಂದು ಬರೆಯಬೇಡಿ. ಎರಡೂ ಬೇರೆ ಬೇರೆ ಆರೋಪ. ಎರಡನೆಯದಕ್ಕೆ ನಿಮ್ಮ ಹತ್ತಿರ ಆಧಾರ ಇಲ್ಲ.

ನಿಜ ಹೇಳಬೇಕೆಂದರೆ ‘ತಪ್ಪಿಸಿಕೊಳ್ಳುತ್ತಾರೆ’ ಎಂಬ ಇದೇ ಮಾತು ಅವರಿಗೆ ಒಮ್ಮೆ ಬಹಳ ದುಬಾರಿಯಾಯಿತು. ನೀವು ಒಂದೇ ಸಾಲಿನಲ್ಲಿ ದಾಟಿಹೋದ 2024ರ ಜನವರಿಯ ಕೊನೆಯ ವಾರ ನೋಡಿ. ನನಗೆ ಕೇಳಿದರೆ ಈ ಲೇಖನದ ನಡುವೆ ಇರಬೇಕಾದ್ದು ಅದೇ. ಜನವರಿ 22ರಂದು ಸ್ಯಾನ್ ಆಂಟೋನಿಯೊ ವಿರುದ್ಧ ಎಂಬೀಡ್ 70 ಪಾಯಿಂಟ್ಸ್ ಹೊಡೆದರು. ತಂಡದ ಇತಿಹಾಸದಲ್ಲೇ ಅದು ದಾಖಲೆ. 27ರಂದು ಡೆನ್ವರ್‌ನಲ್ಲಿ ಪಂದ್ಯ ಶುರುವಾಗಲು ಸ್ವಲ್ಪ ಹೊತ್ತಿರುವಾಗ ಮೊಣಕಾಲು ನೋವೆಂದು ಹೊರಗುಳಿದರು. ಗಾಯಾಳುಗಳ ಪಟ್ಟಿಯಲ್ಲಿ ಹೆಸರೇ ಇರಲಿಲ್ಲ, ಅದಕ್ಕೆ ಲೀಗ್ ತಂಡಕ್ಕೆ 75,000 ಡಾಲರ್ ದಂಡ ಹಾಕಿತು. ಡೆನ್ವರ್‌ನ ಸ್ಟಾರ್ ಸೆಂಟರ್ ಯೋಕಿಚ್ ಎದುರು ಆಡಲು ಹೆದರಿದರು ಎಂದು ಎಲ್ಲ ಕಡೆ ಗದ್ದಲ. ಸಾಲದ್ದಕ್ಕೆ ಆ ಸೀಸನ್‌ನಿಂದಲೇ ಹೊಸ ನಿಯಮ ಬಂದಿತ್ತು: 65 ಪಂದ್ಯ ಆಡದವರಿಗೆ ಎಂವಿಪಿ, ಅಂದರೆ ಸೀಸನ್‌ನ ಅತ್ಯಮೂಲ್ಯ ಆಟಗಾರ ಪ್ರಶಸ್ತಿ ಇಲ್ಲ. 2023ರಲ್ಲಿ ಆ ಪ್ರಶಸ್ತಿ ಗೆದ್ದಿದ್ದ ಎಂಬೀಡ್ ಅದೇ ಫಾರ್ಮಿನಲ್ಲಿದ್ದರು, ಇನ್ನು ಜಾಸ್ತಿ ಪಂದ್ಯ ಬಿಡುವ ಹಾಗಿರಲಿಲ್ಲ. 30ರಂದು ಗೋಲ್ಡನ್ ಸ್ಟೇಟ್ ವಿರುದ್ಧ ಕಣಕ್ಕಿಳಿದರು. ಓಡುವಾಗಲೇ ಕಾಲು ಎಳೆಯುತ್ತಿತ್ತು. ಕೊನೆಯ ಕ್ವಾರ್ಟರ್‌ನಲ್ಲಿ ಸಡಿಲಾದ ಚೆಂಡಿಗಾಗಿ ನೆಲದ ಮೇಲಿದ್ದಾಗ ಎದುರಾಳಿ ಕುಮಿಂಗಾ ಸೀದಾ ಅವರ ಎಡಗಾಲಿನ ಮೇಲೆ ಬಿದ್ದರು. ಫೆಬ್ರವರಿಯಲ್ಲಿ ಆಪರೇಷನ್ ಆಯಿತು. ಆ ಮೊಣಕಾಲು ಮುಂದಿನ ಸೀಸನ್ ಮುಗಿದರೂ ಸರಿಹೋಗಲಿಲ್ಲ.

ಆ ರಾತ್ರಿ ಅವರನ್ನು ಆಡಿಸಬೇಕಿತ್ತೇ? ಬೇಡ ಅನ್ನುವ ಧೈರ್ಯ ಯಾರಿಗಿತ್ತು? ಈ ಪ್ರಶ್ನೆಯನ್ನು ನೀವು ಹಿಡಿದಿದ್ದರೆ, ತಪ್ಪೆಲ್ಲ ಎಂಬೀಡ್ ಕಾಲಿನದೇ ಅಲ್ಲ, ಆ ಕಾಲಿನ ಮೇಲೆ ಎಲ್ಲರೂ ಸೇರಿ ಹೇರಿದ ಭಾರದ್ದೂ ಹೌದು ಎಂದು ಕಾಣುತ್ತಿತ್ತು.

ಅಂಕಿಅಂಶದ ವಿಷಯ. ನಿಮ್ಮ ಲೇಖನದಲ್ಲಿ ಅಂಕಿಗಳು ಬೇಕಾದಷ್ಟಿವೆ, ಬೇಕಾದದ್ದೇ ಇಲ್ಲ. 2023-24ರಲ್ಲಿ ಎಂಬೀಡ್ ಆಡಿದ 39 ಪಂದ್ಯಗಳಲ್ಲಿ ತಂಡ 31 ಗೆದ್ದಿತು. ಅವರಿಲ್ಲದ 43ರಲ್ಲಿ ಗೆದ್ದದ್ದು 16. ಇದನ್ನು ನಿಮ್ಮ ಮೇಜಿನ ಮೇಲೆ ಬರೆದಿಟ್ಟುಕೊಳ್ಳಿ. ಈ ಲೆಕ್ಕ ನಿಮ್ಮ ವಾದಕ್ಕೆ ಅಡ್ಡ ಬರುತ್ತದೆ: ಅವರಿದ್ದಾಗ ಇದು ಲೀಗಿನ ಅತ್ಯುತ್ತಮ ತಂಡಗಳಲ್ಲೊಂದು. ಅದೇ ಲೆಕ್ಕ ನಿಮ್ಮ ಬೆಂಬಲಕ್ಕೂ ಬರುತ್ತದೆ: ಅವರಿಲ್ಲದಿದ್ದರೆ ತಂಡವೇ ಇಲ್ಲ. 11 ಸೀಸನ್‌ಗಳಲ್ಲಿ (2024-25ರವರೆಗೆ) ಎಂಬೀಡ್ ಆಡಿದ್ದು 452 ಪಂದ್ಯ, ತಂಡ ಆಡಿದ್ದರಲ್ಲಿ ಹೆಚ್ಚುಕಮ್ಮಿ ಅರ್ಧ. ಒಂದು ಸೀಸನ್‌ನಲ್ಲಿ ಅತಿ ಹೆಚ್ಚೆಂದರೆ 68. ಅರ್ಧ ಪಂದ್ಯಗಳಿಗೆ ಇರುವುದಿಲ್ಲ ಎಂದು ಗೊತ್ತಿದ್ದೂ ಇಡೀ ಆಟವನ್ನು ಅವರ ಸುತ್ತಲೇ ಕಟ್ಟಿದರೆ ತಪ್ಪು ಕಟ್ಟಿದವರದ್ದು ಅಲ್ವಾ?

ಹಾಗೇ 58 ಸೋಲನ್ನೂ ಎಂಬೀಡ್ ತಲೆಗೆ ಕಟ್ಟಿದ್ದೀರಿ. ಆ ವರ್ಷ ತಂಡದ ಇನ್ನಿಬ್ಬರು ಸ್ಟಾರ್‌ಗಳಾದ ಪಾಲ್ ಜಾರ್ಜ್ 41, ಟೈರೀಸ್ ಮ್ಯಾಕ್ಸಿ 52 ಪಂದ್ಯ ಮಾತ್ರ ಆಡಿದರು. ಅದನ್ನೂ ಹೇಳಬೇಕಲ್ಲ.

ದೊಡ್ಡ ಸೆಂಟರ್‌ಗಳು ಮುರಿದುಬಿದ್ದ ಪಟ್ಟಿ ಕೊಟ್ಟಿದ್ದೀರಿ: ವಾಲ್ಟನ್, ಯಾವೊ, ಗ್ರೆಗ್ ಓಡೆನ್. ಮೂರೂ ಸರಿ. 1978ರಲ್ಲಿ ಪೋರ್ಟ್‌ಲ್ಯಾಂಡ್ ತಂಡ ಮೊದಲ 60ರಲ್ಲಿ 50 ಗೆದ್ದಿದ್ದಾಗ ವಾಲ್ಟನ್ ಪಾದ ಕೈಕೊಟ್ಟಿತು. ನೋವಿನ ಇಂಜೆಕ್ಷನ್ ತೆಗೆದುಕೊಂಡು ಪ್ಲೇಆಫ್ ಆಡಿದರು, ಮೂಳೆ ಮುರಿಯಿತು, ಮುಂದಿನ ಸೀಸನ್ ಪೂರ್ತಿ ಹೋಯಿತು. ಯಾವೊ 2011ರಲ್ಲಿ, 30ನೇ ವಯಸ್ಸಿಗೇ ಆಟ ನಿಲ್ಲಿಸಿದರು. ಆದರೆ ಜಿಡ್ರೂನಸ್ ಇಲ್ಗೌಸ್ಕಸ್ ಎಲ್ಲಿ? ಕ್ಲೀವ್‌ಲ್ಯಾಂಡ್‌ನ ಈ ಲಿಥುವೇನಿಯಾದ ಸೆಂಟರ್‌ಗೂ ಪಾದವೇ ಮುರಿದಿತ್ತು. ಎರಡು ಸೀಸನ್ ಪೂರ್ತಿ ಆಡಲಿಲ್ಲ, ಇನ್ನೊಂದರಲ್ಲಿ 5 ಪಂದ್ಯ. ತಂಡ ಕಾದಿತು. ಆಮೇಲೆ ಅವರು 2010ರವರೆಗೆ ಅಲ್ಲೇ ಆಡಿದರು. ಅವರ 11ನೇ ನಂಬರಿನ ಜೆರ್ಸಿಯನ್ನು ಅಲ್ಲಿ ಇನ್ಯಾರಿಗೂ ಕೊಡುವುದಿಲ್ಲ. ನಿಮ್ಮ ಮಾತಿಗೆ ಒಗ್ಗದ ಉದಾಹರಣೆಯನ್ನು ಬಿಟ್ಟುಬಿಟ್ಟರೆ ಆಟ ಬಲ್ಲ ಓದುಗ ಅಲ್ಲೇ ಲೇಖನ ಮಡಚಿಡುತ್ತಾನೆ. ಇಲ್ಗೌಸ್ಕಸ್ ಬಗ್ಗೆ ಬರೆಯಿರಿ, ಆಮೇಲೆ ಎಂಬೀಡ್ ವಿಷಯದಲ್ಲಿ ಅದು ಯಾಕೆ ಆಗಲಿಕ್ಕಿಲ್ಲ ಎಂದು ವಾದಿಸಿ. ಇಲ್ಗೌಸ್ಕಸ್ ಚೇತರಿಸಿಕೊಂಡಾಗ ಇನ್ನೂ ಇಪ್ಪತ್ತರ ಹರೆಯದಲ್ಲಿದ್ದರು. ಎಂಬೀಡ್ 2024ರಲ್ಲೇ 30 ದಾಟಿದ್ದಾರೆ. ಗಟ್ಟಿ ವಾದ ಅಲ್ಲೇ ಇದೆ ನೋಡಿ.

ಬುಮ್ರಾ ಹೋಲಿಕೆ ಚೆನ್ನಾಗಿದೆ, ನಮ್ಮ ಓದುಗರಿಗೆ ಹತ್ತಿರದ್ದು. 2025ರಲ್ಲಿ ಇಂಗ್ಲೆಂಡಿನಲ್ಲಿ ಬುಮ್ರಾ ಆಡದ ಎರಡು ಟೆಸ್ಟ್‌ಗಳನ್ನೇ ಭಾರತ ಗೆದ್ದಿತು, ಆದ್ದರಿಂದ ಸ್ಟಾರ್ ಇಲ್ಲದೆಯೂ ನಡೆಯುತ್ತದೆ ಎಂದಿದ್ದೀರಿ. ಅಷ್ಟು ಅವಸರ ಬೇಡ. ಐದರಲ್ಲಿ ಮೂರೇ ಟೆಸ್ಟ್ ಆಡುತ್ತಾರೆ ಎಂದು ಸರಣಿಗೆ ಮುಂಚೆಯೇ ಹೇಳಿದ್ದರು. ಉಳಿದವರಿಗೆ ತಮ್ಮ ಸರದಿ ಬರುತ್ತದೆ ಎಂದು ಗೊತ್ತಿತ್ತು. ಓವಲ್‌ನಲ್ಲಿ ಸಿರಾಜ್ 9 ವಿಕೆಟ್ ತೆಗೆದರು, ನಮ್ಮ ಪ್ರಸಿದ್ಧ್ ಕೃಷ್ಣ 8. ಫಿಲಡೆಲ್ಫಿಯಾದಲ್ಲಿ ಇಲ್ಲದ್ದು ಈ ತಯಾರಿಯೇ. ಅಲ್ಲಿ ಪ್ರತಿ ಸಂಜೆಯೂ ‘ಇವತ್ತು ಆಡ್ತಾರಾ?’ ಎಂಬ ಪ್ರಶ್ನೆ.

ಇನ್ನೊಂದು ವ್ಯತ್ಯಾಸ ದುಡ್ಡಿನದು. ಇದನ್ನು ನೀವು ಮುಟ್ಟಿಯೇ ಇಲ್ಲ. ಬುಮ್ರಾ ಕೂತರೆ ಇನ್ನೊಬ್ಬ ಬೌಲರ್ ಬರುತ್ತಾನೆ, ತಂಡದ ಬೇರೆ ಲೆಕ್ಕ ಕೆಡುವುದಿಲ್ಲ. ಎನ್‌ಬಿಎಯಲ್ಲಿ ತಂಡದ ಒಟ್ಟು ಸಂಬಳಕ್ಕೆ ಮಿತಿ ಇದೆ. 2024-25ರಲ್ಲಿ ಅದು ಸುಮಾರು 14 ಕೋಟಿ ಡಾಲರ್. ಎಂಬೀಡ್ ಒಬ್ಬರಿಗೇ 5 ಕೋಟಿ ದಾಟುತ್ತದೆ. ಮಿತಿಯನ್ನು ಮೀರಬಹುದು, ಆದರೆ ಮೀರಿದಷ್ಟೂ ಹೊರಗಿನಿಂದ ಒಳ್ಳೆಯ ಆಟಗಾರರನ್ನು ತರುವ ದಾರಿಗಳು ಒಂದೊಂದಾಗಿ ಮುಚ್ಚುತ್ತವೆ. ಅಂದರೆ ಅವರು ಬೆಂಚಿನಲ್ಲಿ ಕೂತ ದಿನ ಅವರ ಜಾಗದ ದುಡ್ಡೂ ಅಲ್ಲೇ ಕೂತಿರುತ್ತದೆ. ಸಾಲದ್ದಕ್ಕೆ 2024ರ ಸೆಪ್ಟೆಂಬರ್‌ನಲ್ಲಿ, ಹಳೆಯ ಒಪ್ಪಂದ ಮುಗಿಯುವ ಮೊದಲೇ, ತಂಡ 2028-29ರವರೆಗೆ ಸುಮಾರು 19 ಕೋಟಿ 30 ಲಕ್ಷ ಡಾಲರ್‌ಗಳ ಹೊಸ ಒಪ್ಪಂದ ಮಾಡಿಕೊಂಡಿತು. ಮೊಣಕಾಲಿನ ಆಪರೇಷನ್ ಆಗಿ ಆಗ ಏಳೆಂಟು ತಿಂಗಳಾಗಿತ್ತು, ಅಷ್ಟೇ. ಅದು ಅವಸರದ ನಿರ್ಧಾರ ಎಂದು ನನ್ನ ಅಭಿಪ್ರಾಯ. ಒಂದು ವರ್ಷ ಕಾದಿದ್ದರೆ ಏನೂ ಮುಳುಗುತ್ತಿರಲಿಲ್ಲ.

ಅದಕ್ಕೇ ನಿಮ್ಮ ‘ಬಿಟ್ಟುಬಿಡಿ’ ಎಂಬ ಕೊನೆಯ ಪುಟ ನಿಲ್ಲುವುದಿಲ್ಲ. ಯಾರಿಗೆ ಬಿಡುವುದು? ಈ ಮೊಣಕಾಲು, ಈ ಸಂಬಳ, ಈ ವಯಸ್ಸು ನೋಡಿ ಬದಲಿಗೆ ಒಳ್ಳೆಯ ಆಟಗಾರರನ್ನು ಕೊಡುವ ತಂಡ ಯಾವುದು? ಒಂದು ಹೆಸರೂ ನೀವು ಹೇಳಿಲ್ಲ. ಇಟ್ಟುಕೊಳ್ಳಬೇಕೋ ಬಿಡಬೇಕೋ ಎನ್ನುವ ಪ್ರಶ್ನೆಯನ್ನು ಆ ಒಪ್ಪಂದ ಆಗಲೇ ಮುಗಿಸಿಬಿಟ್ಟಿದೆ. ಉಳಿದಿರುವುದು ಅವರನ್ನು ಎಷ್ಟು ನೆಚ್ಚಿಕೊಳ್ಳಬೇಕು ಎಂಬುದು. ನಿಮ್ಮ ಲೇಖನ ಅದರ ಬಗ್ಗೆ ಇರಲಿ.

ಇದಕ್ಕೆ ಹತ್ತಿರದ ಉದಾಹರಣೆ ಬಾಸ್ಟನ್. 2023ರಲ್ಲಿ ಅಲ್ಲಿನ ಸೆಲ್ಟಿಕ್ಸ್ ತಂಡ ಸೆಂಟರ್ ಕ್ರಿಸ್ಟಾಪ್ಸ್ ಪೋರ್ಜಿಂಗಿಸ್‌ರನ್ನು ತಂದಾಗ ಅವರೂ ಗಾಯಗಳಿಗೇ ಹೆಸರಾದವರು. ಆದರೆ ಬಾಸ್ಟನ್‌ನ ಆಟ ಟೇಟಮ್ ಮತ್ತು ಬ್ರೌನ್ ಕೈಯಲ್ಲಿತ್ತು. ಹಿಂದೆ ಅಲ್ ಹಾರ್ಫರ್ಡ್ ಇದ್ದರು, ವಯಸ್ಸು 38 ಮುಟ್ಟಿದರೂ ನಂಬಬಹುದಾದ ಸೆಂಟರ್. 2024ರ ಪ್ಲೇಆಫ್‌ನ ಮೊದಲ ಸುತ್ತಿನಲ್ಲೇ ಪೋರ್ಜಿಂಗಿಸ್ ಮೀನಖಂಡಕ್ಕೆ ಪೆಟ್ಟಾಯಿತು. ತಂಡ ಅವರಿಲ್ಲದೆಯೇ ಫೈನಲ್ ತಲುಪಿತು. ಫೈನಲ್‌ನ ಮೊದಲ ಪಂದ್ಯದಲ್ಲಿ ಬೆಂಚಿನಿಂದ ಎದ್ದು ಬಂದು 20 ಪಾಯಿಂಟ್ಸ್ ಹೊಡೆದರು, ಎರಡನೆಯದರಲ್ಲಿ ಮತ್ತೆ ಗಾಯ. ಆದರೂ ಬಾಸ್ಟನ್ 4-1ರಿಂದ ಗೆದ್ದಿತು. ಅವರು ಬಂದರೆ ಲಾಭ, ಬರದಿದ್ದರೆ ನಷ್ಟವಿಲ್ಲ ಎನ್ನುವ ಹಾಗೆ ಕಟ್ಟಿದ ತಂಡ ಅದು.

ಫಿಲಡೆಲ್ಫಿಯಾಕ್ಕೂ ಈ ದಾರಿ ಇದೆ ಎಂದು ನನಗೆ ಅನ್ನಿಸುತ್ತದೆ. ಚೆಂಡು ಮ್ಯಾಕ್ಸಿ ಕೈಯಲ್ಲಿರಲಿ. ಆ 58 ಸೋಲಿನಿಂದ ಒಂದು ಒಳ್ಳೆಯದೂ ಆಯಿತು: 2025ರ ಡ್ರಾಫ್ಟಿನಲ್ಲಿ 3ನೇ ಆಯ್ಕೆ ಸಿಕ್ಕಿ ವಿ.ಜೆ. ಎಡ್ಜ್‌ಕೂಂಬ್ ಬಂದರು. ಆ ಆಯ್ಕೆ ಮೊದಲ ಆರರೊಳಗೆ ಬೀಳದಿದ್ದರೆ ಒಕ್ಲಹೋಮಾ ಸಿಟಿಗೆ ಹೋಗುತ್ತಿತ್ತು. ಈ ಇಬ್ಬರ ವೇಗಕ್ಕೆ ತಕ್ಕ ಆಟ ಕಟ್ಟಬೇಕು. ಎಂಬೀಡ್ ಆಡುವ ದಿನಗಳನ್ನು ಮೊದಲೇ ಗುರುತಿಸಬೇಕು, ಎರಡು ದಿನ ಸಾಲಾಗಿ ಆಡಿಸುವುದು ಬೇಡ. ಎಂವಿಪಿ, 65 ಪಂದ್ಯದ ಲೆಕ್ಕ ಎಲ್ಲ ಮರೆತುಬಿಡಬೇಕು. ನೀವು ಇದನ್ನು ಒಪ್ಪಬೇಕೆಂದೇನೂ ಇಲ್ಲ. ಟ್ರೇಡ್ ಮಾಡಲೇಬೇಕು ಎಂದೇ ಅನ್ನಿಸಿದರೆ ಯಾವ ತಂಡ, ಯಾವ ಆಟಗಾರರು, ಯಾರ ಸಂಬಳಕ್ಕೆ ಯಾರದ್ದು ಎಂದು ಬಿಡಿಸಿ ಬರೆಯಿರಿ. ನನ್ನ ಅಭಿಪ್ರಾಯಕ್ಕೆ ವಿರುದ್ಧವಾಗಿದ್ದರೂ ಹಾಕುತ್ತೇನೆ.

ಭಾಷೆ ಬಗ್ಗೆ ಹೆಚ್ಚು ಹೇಳುವುದಿಲ್ಲ. ರಿಬೌಂಡ್, ಪ್ಲೇಆಫ್, ಟ್ರೇಡ್ ಎಲ್ಲ ಹಾಗೇ ಇರಲಿ, ಮಲ್ಲೇಶ್ವರದ ಅಂಗಳದಲ್ಲಿ ಆಡುವ ಹುಡುಗರೂ ಹಾಗೇ ಹೇಳುತ್ತಾರೆ. ಆದರೆ ‘ಕ್ರೀಡಾ ಲೋಕದ ಧ್ರುವತಾರೆ’ ಥರದ್ದು ನಾಲ್ಕು ಕಡೆ ಇದೆ, ನಾಲ್ಕನ್ನೂ ಹೊಡೆದುಹಾಕಿ.

ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಉದ್ದಕ್ಕೆ ಇಳಿಸಿ. ಮೊದಲು ಆ ಮೇಲಿನ ಸಾಲು, ಆಮೇಲೆ ಜನವರಿಯ ಆ ವಾರ, ಆಮೇಲೆ 31 ಮತ್ತು 16ರ ಲೆಕ್ಕ. ಇಷ್ಟು ಕೂತರೆ ಉಳಿದದ್ದು ತಾನೇ ಜಾಗ ಹುಡುಕಿಕೊಳ್ಳುತ್ತದೆ. ಮತ್ತೆ, ಆ ಪಕ್ಕದ ಸೀಟಿನ ಹಿರಿಯರ ಜೊತೆ ಮಾತಾಡಿದಿರಾ? ಎಷ್ಟು ವರ್ಷದಿಂದ ಬರುತ್ತಿದ್ದಾರೆ, ಇನ್ನೂ ಯಾಕೆ ಬರುತ್ತಿದ್ದಾರೆ ಎಂದು ಕೇಳಿದ್ದರೆ ಅದನ್ನೂ ಬರೆಯಿರಿ. ಕೇಳಿಲ್ಲದಿದ್ದರೆ ಮುಂದಿನ ಸಲ ಹೋದಾಗ ಕೇಳಿ, ಆಮೇಲೆ ಕಳಿಸಿ. ಅವಸರ ಇಲ್ಲ.