ಕ್ಲೇರ್ ಮೆಕಾರ್ಡೆಲ್ ಹೆಂಗಸರ ಉಡುಪನ್ನು ಹೇಗೆ ಬದಲಿಸಿದರು?

ಮೊದಲು ಹೇಳಬೇಕಾದದ್ದು ಜೇಬಿನ ವಿಷಯ. 1930-40ರ ದಶಕಗಳಲ್ಲಿ ಅಮೆರಿಕದ ಈ ಡಿಸೈನರ್ ಗಂಡಸರ ಬಟ್ಟೆಯಲ್ಲಿದ್ದಂಥ ಆಳವಾದ ಜೇಬುಗಳನ್ನು ಹೆಂಗಸರ ಉಡುಪಿಗೂ ಇಟ್ಟರು. ಬೆನ್ನಿಗಿರುತ್ತಿದ್ದ ಜಿಪ್, ಕೊಕ್ಕೆಗಳನ್ನು ಪಕ್ಕಕ್ಕೆ ತಂದರು. ಇನ್ನೊಬ್ಬರ ಸಹಾಯವಿಲ್ಲದೆ ಬಟ್ಟೆ ಹಾಕಿಕೊಳ್ಳುವುದು ಸಣ್ಣ ಸ್ವಾತಂತ್ರ್ಯವಲ್ಲ, ಅಲ್ವಾ?

ನನಗೆ ಜಾಸ್ತಿ ಇಷ್ಟವಾದದ್ದು 1942ರ ‘ಪಾಪೋವರ್’. ಯುದ್ಧದ ಕಾಲ ಅದು. ಮನೆಗೆಲಸದವರು ಕಾರ್ಖಾನೆಗೆ ಹೋಗಿದ್ದರು, ಅಡುಗೆಮನೆ ಮನೆಯೊಡತಿಯ ಪಾಲಿಗೆ ಬಂತು. ಸುತ್ತಿ ಕಟ್ಟಿಕೊಳ್ಳುವ ಡೆನಿಮ್ ಉಡುಪು, ದೊಡ್ಡ ಜೇಬು, ಜೊತೆಗೆ ಬಿಸಿ ಪಾತ್ರೆ ಹಿಡಿಯಲು ಕೈಗವಸು. ಬೆಲೆ 6.95 ಡಾಲರ್. ಒಲೆ ಮುಂದೆಯೂ ಸೈ, ನೆಂಟರೆದುರೂ ಸೈ.

ಶೂಗಳಿಗೆ ರೇಷನ್ ಬಂದಾಗ, ರೇಷನ್ ಇಲ್ಲದ ಬ್ಯಾಲೆ ನೃತ್ಯದ ಶೂಗಳಿಗೆ ಗಟ್ಟಿ ಅಟ್ಟೆ ಹಾಕಿಸಿ ಬೀದಿಯಲ್ಲೂ ಹಾಕಿಕೊಂಡು ಓಡಾಡುವಂತೆ ಮಾಡಿದರು.